ಇಟಾಲಿಯನ್ನರ ‘ಬೆಲ್ಲೊ’, ನಮ್ಮ ‘ಒಳ್ಳೆ’

ಪ್ರಶ್ನೆ: ನಾನು ಧಾರವಾಡದವಳು. ಇಟಲಿಯ ಟ್ಯೂರಿನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದರೆ ಮನೆ, ಅಂಗಡಿ, ಬಸ್ಸು ಎಲ್ಲ ಇಟಾಲಿಯನ್ನೇ. ‘ಬೆಲ್ಲೊ’ ಅಂದರೆ ಬ್ಯೂಟಿಫುಲ್ ಎಂದು ಆ್ಯಪ್‌ನಲ್ಲಿ ಕಲಿತಿದ್ದೆ. ಇಲ್ಲಿ ನೋಡಿದರೆ ಸಿನಿಮಾ, ನಿದ್ದೆ, ಚಳಿ ಎಲ್ಲದಕ್ಕೂ ಅದೇ ಪದ. ನನ್ನ ಪರೀಕ್ಷೆ ಮತ್ತು ವಾಸದ ಪರವಾನಗಿಯ ಅಪಾಯಿಂಟ್‌ಮೆಂಟ್ ಒಂದೇ ದಿನ ಬಿದ್ದಿವೆ ಎಂದು ರೂಮ್‌ಮೇಟ್ ಹತ್ತಿರ ಹೇಳಿಕೊಂಡೆ. ಅವಳು ‘ಬೆಲ್ ಪ್ರೊಬ್ಲೇಮ’ ಅಂದಳು. ನನಗೆ ಬೇಜಾರಾಯಿತು. ಮೇಲಾಗಿ ಒಮ್ಮೆ ಬೆಲ್, ಒಮ್ಮೆ ಬೆಯ್, ಒಮ್ಮೆ ಬೆಲ್ಯಿ ಅಂತ ಕೇಳಿಸುತ್ತದೆ. ಬ್ವೋನೊ, ಬ್ರಾವೊ ಯಾವಾಗ ಬಳಸಬೇಕು? ಅಪರಿಚಿತರು ‘ಚಾವ್ ಬೆಲ್ಲ’ ಅಂದರೆ ಹೇಗೆ ತೆಗೆದುಕೊಳ್ಳಬೇಕು?

ಉತ್ತರ: ಮೊದಲು ನಿಮ್ಮ ರೂಮ್‌ಮೇಟ್ ವಿಷಯ. ನಿಮ್ಮ ಕಷ್ಟ ನೋಡಿ ಅವಳು ಖುಷಿಪಡಲಿಲ್ಲ. ಅವಳ ಮಾತನ್ನು ಕನ್ನಡದಲ್ಲಿ ಹೇಳಿದರೆ ‘ಒಳ್ಳೆ ಫಜೀತಿ ಆಯ್ತಲ್ಲ!’ ಅಂತ. ನಾವು ಹಾಗೆ ಅಂದಾಗ ಫಜೀತಿ ಒಳ್ಳೆಯದು ಅಂತ ಯಾರೂ ತಿಳಿಯುವುದಿಲ್ಲ. ಅದು ದೊಡ್ಡದು, ಸುಲಭಕ್ಕೆ ಬಗೆಹರಿಯುವಂಥದ್ದಲ್ಲ ಎಂದೇ ಅರ್ಥ. ಅವಳು ನಿಮ್ಮ ಪರವಾಗಿ ತಲೆಬಿಸಿ ಮಾಡಿಕೊಂಡು ಹೇಳಿದ ಮಾತದು.

ನಿಮಗೆ ತೊಂದರೆ ಆಗಿದ್ದು ಇಟಾಲಿಯನ್‌ನಿಂದಲ್ಲ, ನಡುವೆ ಕೂತಿರುವ ಇಂಗ್ಲಿಷಿನಿಂದ. ನಾವು ಯುರೋಪಿನ ಯಾವ ಭಾಷೆ ಕಲಿತರೂ ಇಂಗ್ಲಿಷಿನ ಬಾಗಿಲಿಂದಲೇ ಹೋಗುತ್ತೇವೆ. ಪುಸ್ತಕ, ಆ್ಯಪ್ ಎಲ್ಲ ಹಾಗೇ ಇವೆ. ‘ಬೆಲ್ಲೊ’ ವಿಷಯದಲ್ಲಿ ಮಾತ್ರ ಈ ದಾರಿ ಸುತ್ತಿನ ದಾರಿ. ಬ್ಯೂಟಿಫುಲ್ ಎಂಬ ಪದ ರೂಪದ ಹತ್ತಿರವೇ ನಿಂತುಬಿಡುತ್ತದೆ. ನಮ್ಮ ‘ಒಳ್ಳೆ’ ನೋಡಿ: ಒಳ್ಳೆ ಸಿನಿಮಾ, ಒಳ್ಳೆ ನಿದ್ದೆ, ಒಳ್ಳೆ ಚಳಿ, ಒಳ್ಳೆ ಏಟು, ಒಳ್ಳೆ ಕತೆ ಆಯ್ತು ನಿಂದು. ಬೆಲ್ಲೊ ಓಡಾಡುವುದೂ ಹೆಚ್ಚುಕಮ್ಮಿ ಇದೇ ಬೀದಿಗಳಲ್ಲಿ. ಕನ್ನಡದಿಂದ ನೇರವಾಗಿ ಹೋಗಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಉಳಿದರ್ಧ ಎಲ್ಲಿ ಕನ್ನಡ ಕೈಕೊಡುತ್ತದೆ ಎಂಬುದು. ಅದನ್ನೂ ಹೇಳುತ್ತೇನೆ.

ಬೆಲ್ಲೊಗೆ ಈ ಗುಣ ಬಂದಿದ್ದು ಹುಟ್ಟಿನಿಂದಲೇ. ಲ್ಯಾಟಿನ್‌ನಲ್ಲಿ ಒಳ್ಳೆಯದಕ್ಕೆ ‘ಬೊನುಸ್’ ಎಂಬ ಪದವಿತ್ತು. ಇಂದಿನ ‘ಬ್ವೋನೊ’ ಬಂದಿದ್ದು ಅದರಿಂದ. ಅದೇ ಬೊನುಸ್‌ನ ಮುದ್ದಿನ ರೂಪ ‘ಬೆಲ್ಲುಸ್’. ಪುಟ್ಟದು, ಮುದ್ದಾದುದು, ಚೆಂದದ್ದು ಅಂತ. ಸೌಂದರ್ಯಕ್ಕೆ ಲ್ಯಾಟಿನ್‌ನಲ್ಲಿ ಬೇರೆ ಗಂಭೀರ ಪದವೇ ಇತ್ತು, ‘ಪುಲ್ಕೆರ್’. ಅದು ಆಡುಮಾತಿನಲ್ಲಿ ಉಳಿಯಲಿಲ್ಲ. ಇಟಲಿ, ಫ್ರಾನ್ಸ್ ಕಡೆ ಬೆಲ್ಲುಸ್ ಅದರ ಜಾಗಕ್ಕೆ ಬಂತು. ಸ್ಪೇನ್, ಪೋರ್ಚುಗಲ್, ರೊಮೇನಿಯಾ ಕಡೆ ‘ಫೊರ್ಮೋಸುಸ್’ ಎಂಬ ಇನ್ನೊಂದು ಪದ ಗಟ್ಟಿಯಾಯಿತು. ಹಾಗಾಗಿ ಬೆಲ್ಲೊದ ಒಳಗೆ ‘ಒಳ್ಳೆಯದು’ ಎಂಬ ಅರ್ಥ ಮೊದಲಿಂದಲೂ ಇದೆ. ಬೆಲ್ಲೊ ಮತ್ತು ಬ್ವೋನೊ ಒಂದೇ ಮನೆಯ ಪದಗಳು. ಮುಂದೆ ಕೆಲಸ ಹಂಚಿಕೊಂಡವು, ಅಷ್ಟೆ.

ಆ ಹಂಚಿಕೆಯೇ ನಮಗೆ ಕಷ್ಟದ ಜಾಗ. ಕನ್ನಡದಲ್ಲಿ ‘ಚೆನ್ನಾಗಿದೆ’ ಅಂದರೆ ಮುಗಿಯಿತು. ನಿಮ್ಮ ಧಾರವಾಡದಲ್ಲಾದರೆ ‘ಛಲೋ ಐತಿ’. ಸೀರೆ ಛಲೋ, ಸಾರು ಛಲೋ, ಹಾಡು ಛಲೋ, ಡಾಕ್ಟರೂ ಛಲೋ. ಇಟಾಲಿಯನ್ ಈ ಒಂದು ಮಾತನ್ನು ನಾಲ್ಕಾಗಿ ಒಡೆಯುತ್ತದೆ.

ಕಣ್ಣಿಗೆ, ಕಿವಿಗೆ, ಮನಸ್ಸಿಗೆ ಹಿತವಾದದ್ದು ಬೆಲ್ಲೊ. ಮನೆ, ಮುಖ, ದನಿ, ಹಾಡು, ಸಿನಿಮಾ, ಕಾದಂಬರಿ, ಸುದ್ದಿ, ನೆನಪು, ಸಂಜೆ ಎಲ್ಲ ಇದರ ಲೆಕ್ಕಕ್ಕೆ. ‘ಉನ್ ಬೆಲ್ ಲೀಬ್ರೊ’ ಅಂದರೆ ರಕ್ಷಾಪುಟ ಚೆಂದ ಅಂತಲ್ಲ, ಓದಬೇಕಾದ ಪುಸ್ತಕ ಅಂತ. ‘ಉನ ಬೆಲ್ಲ ಪೆರ್ಸೋನ’ ಅಂದರೆ ಒಳ್ಳೆ ಮನಸ್ಸಿನವರು. ಮುಖದ ಮಾತೇ ಅಲ್ಲಿ ಬರುವುದಿಲ್ಲ. ಯಾರಾದರೂ ನಿಮ್ಮನ್ನು ಹಾಗೆ ಕರೆದರೆ ಸಂತೋಷಪಡಿ, ಅದು ದೊಡ್ಡ ಮೆಚ್ಚುಗೆ.

ನಾಲಿಗೆಗೆ, ಮೂಗಿಗೆ ಹಿಡಿಸಿದ್ದು ಬ್ವೋನೊ. ಇಲ್ಲಿ ನಮ್ಮವರು ತುಂಬಾ ಎಡವುತ್ತಾರೆ. ಊಟಕ್ಕೆ ಕರೆದಿದ್ದಾರೆ, ತಟ್ಟೆಯಲ್ಲಿ ರಿಸೊತ್ತೊ ಎಂಬ ಅನ್ನದ ಅಡುಗೆ ಬಂದಿದೆ, ನೀವು ಒಂದು ಚಮಚ ಬಾಯಿಗಿಟ್ಟು ‘ಎ ಬೆಲ್ಲೊ!’ ಅಂದರೆ ಬಡಿಸಿದವರು ನಿಮ್ಮ ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತಾರೆ. ಕೇಸರಿ ಬಣ್ಣ ಚೆನ್ನಾಗಿ ಬಂದಿದೆ ಅಂತ ನೀವು ಹೇಳಿದ ಹಾಗೆ. ರುಚಿಗೆ ‘ಎ ಬ್ವೋನೊ’ ಅನ್ನಬೇಕು. ಪಿಜ್ಜಾ ಸ್ತ್ರೀಲಿಂಗ, ಆದ್ದರಿಂದ ‘ಎ ಬ್ವೋನ’. ತಟ್ಟೆ ಮೇಜಿಗೆ ಬಂದಾಗ, ತಿನ್ನುವ ಮೊದಲು, ‘ಕೆ ಬೆಲ್ಲ!’ ಅನ್ನಲು ಅಡ್ಡಿಯಿಲ್ಲ. ಬಾಯಿಗಿಟ್ಟ ಮೇಲೆ ಬ್ವೋನ. ಪರಿಮಳಕ್ಕೂ ಬ್ವೋನೊನೇ.

ಇನ್ನೊಂದು ಬ್ವೋನೊದ ಆಸ್ತಿ ಹಾರೈಕೆ. ಬ್ವೊಂಜೋರ್ನೊ (ಶುಭದಿನ), ಬ್ವೋನ ನೊತ್ತೆ (ಶುಭರಾತ್ರಿ), ಬ್ವೊನ್ ವಿಯಾಜ್ಜೊ (ಶುಭಪ್ರಯಾಣ) ಎಲ್ಲ ಹಾಗೆ ಹುಟ್ಟಿದವು. ಇದನ್ನು ಗಮನವಿಟ್ಟು ಕೇಳಿಸಿಕೊಳ್ಳಿ: ಅಂಗಡಿಯಿಂದ ಹೊರಡುವಾಗ ಅವರು ‘ಬ್ವೋನ ಜೊರ್ನಾತ’ ಅನ್ನುತ್ತಾರೆ. ನಿಮ್ಮ ದಿನ ಚೆನ್ನಾಗಿರಲಿ ಅಂತ. ಹೊರಗೆ ಬಿಸಿಲು ಬಿದ್ದಿದ್ದರೆ ಅದೇ ಮನುಷ್ಯ ‘ಕೆ ಬೆಲ್ಲ ಜೊರ್ನಾತ’ ಅನ್ನುತ್ತಾನೆ. ಎಷ್ಟು ಚೆಂದದ ದಿನ ಅಂತ. ಮೊದಲನೆಯದು ಹಾರೈಕೆ, ಎರಡನೆಯದು ವರ್ಣನೆ. ಅದಲು ಬದಲು ಮಾಡಿದರೆ ಅವರಿಗೆ ಅರ್ಥವಾಗುತ್ತದೆ, ಆದರೆ ಕಿವಿಗೆ ಚುಚ್ಚುತ್ತದೆ.

ಮನುಷ್ಯರ ಕೈಚಳಕಕ್ಕೆ, ಜಾಣತನಕ್ಕೆ ಬ್ರಾವೊ. ಒಬ್ಬ ವೈದ್ಯರನ್ನೇ ತೆಗೆದುಕೊಳ್ಳಿ. ‘ಉನ್ ಬ್ರಾವೊ ಮೇದಿಕೊ’ ಅಂದರೆ ಕೆಲಸ ಗೊತ್ತಿರುವ ವೈದ್ಯರು. ‘ಉನ್ ಬೆಲ್ ಮೇದಿಕೊ’ ಅಂದರೆ ನೋಡಲು ಚೆನ್ನಾಗಿರುವ ವೈದ್ಯರು. ನಿಮ್ಮ ಪ್ರೊಫೆಸರ್ ಬಗ್ಗೆ ಮಾತಾಡುವಾಗ ಇದನ್ನು ಮರೆಯಬೇಡಿ. ಬ್ರಾವೊ ಕೂಡ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ನಮ್ಮಲ್ಲಿ ಚಪ್ಪಾಳೆ ಹೊಡೆದು ಎಲ್ಲರಿಗೂ ‘ಬ್ರಾವೋ’ ಅನ್ನುತ್ತಾರೆ. ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ಗಾಯಕಿಗೆ ‘ಬ್ರಾವ’, ಇಡೀ ತಂಡಕ್ಕೆ ‘ಬ್ರಾವಿ’ ಎಂದು ಕೂಗುತ್ತಾರೆ. ನೀವು ಲೆಕ್ಕ ಸರಿಯಾಗಿ ಬಿಡಿಸಿದರೆ ಟೀಚರ್ ಹೇಳುವುದೂ ‘ಬ್ರಾವ’. ಮಕ್ಕಳು ಗಲಾಟೆ ಮಾಡುವಾಗ ‘ಫಾಯ್ ಇಲ್ ಬ್ರಾವೊ’ ಅಂದರೆ ಜಾಣ ಮರಿ ಥರ ಇರು ಅಂತ.

ನಾಲ್ಕನೆಯದು ‘ಬೇನೆ’. ಕ್ರಿಯಾಪದದ ಜೊತೆ ಬರುವ ‘ಚೆನ್ನಾಗಿ’. ಚೆನ್ನಾಗಿ ಹಾಡುತ್ತಾಳೆ, ‘ಕಾಂತ ಬೇನೆ’. ಚೆನ್ನಾಗಿದ್ದೀನಿ, ‘ಸ್ತೊ ಬೇನೆ’. ಹೇಗಿದ್ದೀಯ ಅಂತ ಕೇಳಿದಾಗ ‘ಸೋನೊ ಬೆಲ್ಲ’ ಅನ್ನಬೇಡಿ. ನಾನು ಸುಂದರಿ ಅಂತ ಆಗುತ್ತದೆ. ಬೇನೆ ಯಾವತ್ತೂ ರೂಪ ಬದಲಿಸುವುದಿಲ್ಲ, ಅದೊಂದು ಸಮಾಧಾನ.

ಇನ್ನು ‘ಒಳ್ಳೆ ಚಳಿ’ಯ ಕಡೆ ಬರೋಣ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟದ ಭಾಗ ಇದು. ಬೆಲ್ಲೊ ನಾಮಪದದ ಮುಂದೆ ನಿಂತಾಗ ಎಷ್ಟೋ ಸಲ ಅದರ ಕೆಲಸ ಹೊಗಳುವುದಲ್ಲ, ತುಂಬಿಕೊಡುವುದು. ‘ಉನ್ ಬೆಲ್ ಫ್ರೆದ್ದೊ’, ಒಳ್ಳೆ ಚಳಿ. ‘ಉನ ಬೆಲ್ಲ ದೊರ್ಮೀತ’, ಒಳ್ಳೆ ನಿದ್ದೆ. ‘ಉನ ಬೆಲ್ಲ ಸೊಮ್ಮ’, ಒಳ್ಳೆ ಮೊತ್ತ. ‘ಉನ್ ಬೆಲ್ ಪಿಯಾತ್ತೊ ದಿ ಪಾಸ್ತ’, ತಟ್ಟೆ ತುಂಬಾ ಪಾಸ್ತಾ, ಹೊಟ್ಟೆ ತುಂಬುವಷ್ಟು. ‘ಉನ್ ಬೆಲ್ ಪೊ’ ಅಂದರೆ ಬೇಕಾದಷ್ಟು, ಸುಮಾರು. ಇಟಲಿಯ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಗೆ 30 ಅಂಕ, ಪಾಸಾಗಲು 18 ಬೇಕು. ನಿಮಗೆ 28 ಬಂದರೆ ಗೆಳೆಯರು ಅದನ್ನು ‘ಬೆಲ್ ವೋತೊ’ ಅನ್ನುತ್ತಾರೆ. ಒಳ್ಳೆ ಅಂಕ. ಇಲ್ಲೆಲ್ಲ ಬ್ಯೂಟಿಫುಲ್ ಹಾಕಿ ನೋಡಿದರೆ ಒಂದೂ ಕೂರುವುದಿಲ್ಲ. ಒಳ್ಳೆ ಹಾಕಿದರೆ ಎಲ್ಲ ಕೂರುತ್ತವೆ.

ವಿಶೇಷಣದ ಮುಂದೆಯೂ ಹೀಗೇ ಬರುತ್ತದೆ. ‘ಉನ್ ಕಫ್ಫೆ ಬೆಲ್ಲೊ ಕಾಲ್ದೊ’. ನಾವು ‘ಒಳ್ಳೆ ಬಿಸಿಬಿಸಿ ಕಾಫಿ’ ಅನ್ನುತ್ತೇವಲ್ಲ, ಅಕ್ಷರಕ್ಕಕ್ಷರ ಅದೇ. ಒಂದೇ ಎಚ್ಚರ: ನಾಮಪದಕ್ಕೆ ತಕ್ಕಂತೆ ಇದೂ ಬದಲಾಗುತ್ತದೆ. ಸೂಪ್‌ಗೆ ‘ಮಿನೆಸ್ತ್ರ ಬೆಲ್ಲ ಕಾಲ್ದ’.

ಕುಟುಕು ಮಾತಿಗೂ ಬೆಲ್ಲೊ ಬೇಕು. ‘ಬೆಲ್ಲ ಸ್ಕೂಸ’, ಒಳ್ಳೆ ನೆಪ. ‘ಬೆಲ್ಲ ರೋಬ’, ಚೆನ್ನಾಗಿದೆ ಕಣಪ್ಪ ಕೆಲಸ. ಕೈಕೊಟ್ಟ ಸ್ನೇಹಿತನಿಗೆ ‘ಬೆಲ್ಲಮೀಕೊ ಸೆಯ್!’ ಅನ್ನುತ್ತಾರೆ. ಒಳ್ಳೆ ಸ್ನೇಹಿತ ಕಣಯ್ಯಾ ನೀನು! ನಿಜವಾಗಿ ಒಳ್ಳೆ ಸ್ನೇಹಿತ ಆಗಿದ್ದರೆ ಅವನು ‘ಬ್ವೊನಮೀಕೊ’. ಈ ಜೋಡಿಯಲ್ಲಿ ತಪ್ಪಿದರೆ ಹೊಗಳಲು ಹೋಗಿ ಬೈದ ಹಾಗಾಗುತ್ತದೆ. ಸ್ನೇಹಿತರ ವಿಷಯದಲ್ಲಿ ಬ್ವೋನೊಗೇ ಅಂಟಿಕೊಳ್ಳಿ.

ಕೆಲವು ನುಡಿಗಟ್ಟುಗಳಲ್ಲಿ ಒಳ್ಳೆ ಎಂಬ ಪದ ಬರದಿದ್ದರೂ ಕನ್ನಡದಲ್ಲಿ ಸಿದ್ಧ ಮಾತು ಇದೆ. ಪಾಠದ ನಟ್ಟನಡುವೆ ಫೋನ್ ಹೊಡೆದುಕೊಂಡರೆ ‘ನೆಲ್ ಬೆಲ್ ಮೆದ್ಜೊ’. ಏನಂದರೆ ಏನೂ ಸಿಗಲಿಲ್ಲ ಅನ್ನಲು ‘ಉನ್ ಬೆಲ್ ನಿಯೆಂತೆ’. ಕತೆಯ ನಡುವೆ ‘ಇಲ್ ಬೆಲ್ಲೊ ಎ ಕೆ’ ಅಂದರೆ ‘ಮಜಾ ಏನಂದ್ರೆ’. ಇನ್ನೇನು ಗೋಲ್ ಹೊಡೆಯಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯ್ತು ಅನ್ನುವಾಗಿನ ‘ಅಷ್ಟರಲ್ಲಿ’ಗೆ ‘ಸುಲ್ ಪ್ಯೂ ಬೆಲ್ಲೊ’. ಸ್ವಲ್ಪದರಲ್ಲಿ ಬಚಾವಾದೆವು ಅನ್ನಲು ‘ಲಬ್ಬ್ಯಾಮೊ ಸ್ಕಂಪಾತ ಬೆಲ್ಲ’. ಇವನ್ನು ಬಿಡಿಸಿ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಇಡೀ ಮಾತನ್ನೇ ಬಾಯಿಪಾಠ ಮಾಡಿ.

ಈಗ ರೂಪಗಳು. ಇಲ್ಲಿ ಕನ್ನಡದ ಅಭ್ಯಾಸ ನಮಗೆ ಅಡ್ಡ ಬರುತ್ತದೆ. ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಮನೆಗಳು. ಹೆಸರಿನ ಮುಂದೆ ‘ಒಳ್ಳೆ’ ಅಲುಗುವುದೇ ಇಲ್ಲ. ಕೊನೆಯಲ್ಲಿ ಬಂದಾಗ ಮಾತ್ರ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಅಂತ ಒಡೆಯುತ್ತದೆ. ಇಟಾಲಿಯನ್‌ನಲ್ಲಿ ಎರಡೂ ಕಡೆ ಬದಲಾಗಬೇಕು. ಶಾಲೆಯಲ್ಲಿ ಹಿಂದಿ ಕಲಿತಿದ್ದರೆ ಅಚ್ಛಾ, ಅಚ್ಛೀ, ಅಚ್ಛೇ ನೆನಪು ಮಾಡಿಕೊಳ್ಳಿ, ಅದೇ ರೀತಿ. ಮನೆ, ಪುಸ್ತಕಗಳಿಗೂ ಲಿಂಗ ಇರುವುದು ಕೂಡ ಹಿಂದಿಯಂತೆಯೇ.

ನಾಮಪದದ ಹಿಂದೆ ಅಥವಾ ವಾಕ್ಯದ ಕೊನೆಯಲ್ಲಿ ಬಂದರೆ ನಾಲ್ಕೇ ರೂಪ: ಬೆಲ್ಲೊ, ಬೆಲ್ಲ, ಬಹುವಚನಕ್ಕೆ ಬೆಲ್ಲಿ, ಬೆಲ್ಲೆ. ನಿಮ್ಮ ತಲೆ ಕೆಡಿಸಿದ್ದು ನಾಮಪದದ ಮುಂದೆ ಬರುವ ರೂಪಗಳು. ಇದಕ್ಕೊಂದು ಸುಲಭದ ಕೀಲಿ ಇದೆ. ಇಟಾಲಿಯನ್‌ನಲ್ಲಿ ಪ್ರತಿ ನಾಮಪದಕ್ಕೂ ಇಂಗ್ಲಿಷಿನ ‘ದ’ (the) ಥರದ ಒಂದು ಪುಟ್ಟ ಮುಂಪದ ಇರುತ್ತದೆ: ಇಲ್ ಲೀಬ್ರೊ (ಪುಸ್ತಕ), ಲೊ ಸ್ತುದೆಂತೆ (ವಿದ್ಯಾರ್ಥಿ), ಲ ಕಾಸ (ಮನೆ). ಇದು ನಿಮಗೆ ಆಗಲೇ ಗೊತ್ತು. ಆ ಮುಂಪದದ ದನಿಯನ್ನೇ ‘ಬೆ’ಗೆ ಅಂಟಿಸಿ. ಇಲ್ ಲೀಬ್ರೊ ಇದ್ದರೆ ಬೆಲ್ ಲೀಬ್ರೊ. ಲೊ ಸ್ತುದೆಂತೆ ಇದ್ದರೆ ಬೆಲ್ಲೊ ಸ್ತುದೆಂತೆ. ಬಹುವಚನದ ಇ ಲೀಬ್ರಿ ಇದ್ದರೆ ಬೆಯ್ ಲೀಬ್ರಿ. ಕಣ್ಣುಗಳಿಗೆ ಲ್ಯಿ ಒಕ್ಕಿ, ಆದ್ದರಿಂದ ಬೆಲ್ಯಿ ಒಕ್ಕಿ. ಲ ಕಾಸ, ಬೆಲ್ಲ ಕಾಸ. ಲೆ ಕಾಸೆ, ಬೆಲ್ಲೆ ಕಾಸೆ. ಬೇರೆ ನಿಯಮ ಕಲಿಯುವುದೇ ಬೇಡ, ಮುಂಪದ ಸರಿ ಬಂದರೆ ಬೆಲ್ಲೊ ಸರಿ ಬರುತ್ತದೆ. ‘ಆ’ ಎಂದು ತೋರಿಸುವ ‘ಕ್ವೆಲ್ಲೊ’ ಕೂಡ ಇದೇ ಅಚ್ಚು: ಕ್ವೆಲ್ ಲೀಬ್ರೊ, ಕ್ವೆಯ್ ಲೀಬ್ರಿ. ಒಂದು ಕಲಿತರೆ ಎರಡು ಬಂದ ಹಾಗೆ.

ಏಕವಚನದಲ್ಲಿ ಸ್ವರದಿಂದ ಶುರುವಾಗುವ ಪದ ಬಂದಾಗ ಬೆಲ್ಲೊದ ಕೊನೆಯ ಸ್ವರ ಬಿದ್ದುಹೋಗುತ್ತದೆ. ಮರಕ್ಕೆ ಆಲ್ಬೆರೊ. ಬೆಲ್ಲೊ, ಆಲ್ಬೆರೊ ಸೇರಿ ಬೆಲ್ಲಾಲ್ಬೆರೊ. ಇದು ನಮ್ಮ ಲೋಪಸಂಧಿಯೇ. ಊರು, ಊರು ಸೇರಿ ಊರೂರು ಆದ ಹಾಗೆ. ಇಂಗ್ಲಿಷರಿಗೆ ಹೊಸದಾಗಿ ಕಾಣುವ ಈ ನಿಯಮ ಕನ್ನಡದ ಮಕ್ಕಳಿಗೆ ಶಾಲೆಯಲ್ಲೇ ಗೊತ್ತಿರುತ್ತದೆ. ಬರೆಯುವಾಗ ನಡುವೆ ಒಂದು ಲೋಪಚಿಹ್ನೆ ಹಾಕುತ್ತಾರೆ, ಅಷ್ಟೆ ವ್ಯತ್ಯಾಸ.

ನಿಮ್ಮ ರೂಮ್‌ಮೇಟ್ ಹೇಳಿದ ‘ಬೆಲ್ ಪ್ರೊಬ್ಲೇಮ’ಕ್ಕೆ ಇನ್ನೊಮ್ಮೆ ಬನ್ನಿ. ಪ್ರೊಬ್ಲೇಮ ‘ಅ’ದಲ್ಲಿ ಮುಗಿಯುತ್ತದೆ, ಆದರೂ ಅವಳು ಬೆಲ್ಲ ಅನ್ನಲಿಲ್ಲ. ಯಾಕೆಂದರೆ ಅದು ಗ್ರೀಕ್‌ನಿಂದ ಬಂದ ಪುಲ್ಲಿಂಗ ಪದ, ‘ಇಲ್ ಪ್ರೊಬ್ಲೇಮ’. ಸಿಸ್ತೇಮ, ತೇಮ ಕೂಡ ಹೀಗೇ. ಕೊನೆಯ ಅಕ್ಷರ ನೋಡಿ ಮೋಸ ಹೋಗಬೇಡಿ, ಮುಂಪದ ನೋಡಿ.

ಬ್ವೋನೊದ ಕತೆ ಚಿಕ್ಕದು. ಅದು ‘ಒಂದು’ ಎಂಬರ್ಥದ ಉನ್, ಉನ ಹಿಂದೆ ಹೋಗುತ್ತದೆ. ಉನ್ ಲೀಬ್ರೊ, ಬ್ವೊನ್ ಲೀಬ್ರೊ. ಉನ ಕಾಸ, ಬ್ವೋನ ಕಾಸ. ಮಾತಿನ ನಡುವೆ ಯಾವ ರೂಪವೂ ನೆನಪಾಗದಿದ್ದರೆ ‘ಬೆಲ್ಲಿಸ್ಸಿಮೊ’ ಎಂದು ನಾಮಪದದ ಹಿಂದೆ ಹಾಕಿ. ‘ಉನ್ ಫಿಲ್ಮ್ ಬೆಲ್ಲಿಸ್ಸಿಮೊ’. ಅದಕ್ಕೆ ನಾಲ್ಕೇ ರೂಪ, ಕತ್ತರಿಸುವ ಕೆಲಸ ಇಲ್ಲ.

ಬೆಲ್ಲೊ ಮುಂದೆ ಬರುವುದಕ್ಕೂ ಹಿಂದೆ ಬರುವುದಕ್ಕೂ ಅರ್ಥದಲ್ಲಿ ಸಣ್ಣ ಫರಕು ಇದೆ. ‘ಉನ ಬೆಲ್ಲ ಕಾಸ’ ಅಂದರೆ ಚೆಂದದ ಮನೆ, ಸುಮ್ನೆ ಮೆಚ್ಚಿ ಹೇಳಿದ್ದು. ‘ಲ ಕಾಸ ಬೆಲ್ಲ’ ಅಂದರೆ ಎರಡು ಮೂರು ಮನೆಗಳಲ್ಲಿ ಚೆಂದದ್ದು, ಅದೇ ಅಂತ ಬೆರಳು ಮಾಡಿದ ಹಾಗೆ. ಸಾಮಾನ್ಯ ಮಾತಿನಲ್ಲಿ ಬೆಲ್ಲೊ ಮುಂದೆಯೇ ಜಾಸ್ತಿ.

ಉಚ್ಚಾರದಲ್ಲಿ ನಿಮಗೆ ಲಾಭವಿದೆ. ಬೆಲ್ಲೊದ ಒತ್ತಕ್ಷರ ಸರಿಯಾಗಿ ಒತ್ತಲೇಬೇಕು. ಇಂಗ್ಲಿಷ್ ಮಾತಾಡುವವರಿಗೆ ಇದು ಸುಲಭಕ್ಕೆ ಬರುವುದಿಲ್ಲ. ‘ಬೆಲ್ಲ’ಕ್ಕೆ ಒಂದೇ ಲಕಾರ ಹೇಳಿದರೆ ‘ಬೇಲ’ ಆಗುತ್ತದೆ, ಅಂದರೆ ಕುರಿ ಅರಚುತ್ತದೆ ಅಂತ. ನಮಗೆ ಬಳೆ, ಬಳ್ಳಿ ಎರಡೂ ಬೇರೆ ಬೇರೆ ಎಂಬುದು ಹುಟ್ಟಿನಿಂದ ಗೊತ್ತು. ‘ಬೆಲ್ಲ’ವನ್ನಂತೂ ನಾವು ದಿನಾ ಹೇಳುತ್ತೇವೆ. ನಾವು ಕೆಡಿಸುವುದು ಬೇರೆ ಕಡೆ. ಕೊನೆಯ ಸ್ವರ ಎಳೆದು ‘ಬೆಲ್ಲೋ’ ಅನ್ನಬೇಡಿ. ತ, ದ ಬರುವ ಕಡೆ ಇಂಗ್ಲಿಷ್ ಅಭ್ಯಾಸದಿಂದ ಟ, ಡ ಹಾಕಬೇಡಿ. ಸ್ಟುಡೆಂಟೆ ಅಲ್ಲ, ಸ್ತುದೆಂತೆ. ಬೆಲ್ಯಿ, ಬೆಯ್ ಎಂದು ನಾನು ಇಲ್ಲಿ ಬರೆದಿರುವುದು ಹತ್ತಿರದ ಬರಹ ಮಾತ್ರ. ‘ಬೆಲ್ಯಿ’ಯ ದನಿಗೆ ನಾಲಿಗೆಯ ನಡುಭಾಗ ಅಂಗುಳಕ್ಕೆ ಒತ್ತಬೇಕು. ಅದನ್ನು ರೂಮ್‌ಮೇಟ್ ಬಾಯಲ್ಲೇ ಕೇಳಿ ಕಲಿಯಿರಿ.

ಎರಡು ಜೋಡಿ ಪದ ನಿಮ್ಮ ದಿನದ ಬದುಕಿಗೆ ಬೇಕು. ಬೆಲ್ಲೊದ ವಿರುದ್ಧಪದ ‘ಬ್ರುತ್ತೊ’. ಕರಡು ಪ್ರತಿಗೆ ‘ಬ್ರುತ್ತ ಕೋಪಿಯ’, ತಿದ್ದಿ ಬರೆದ ಫೇರ್ ಕಾಪಿಗೆ ‘ಬೆಲ್ಲ ಕೋಪಿಯ’. ಪರೀಕ್ಷೆಯಲ್ಲಿ ಕೇಳಿಬರುವ ಮಾತಿದು. ಇನ್ನೊಂದು ‘ಬೆಲ್ಲ ಫಿಗೂರ’. ನಾಲ್ಕು ಜನರ ಎದುರು ನಾವು ಹೇಗೆ ಕಾಣುತ್ತೇವೆ ಎಂಬುದು. ಇದು ಬಟ್ಟೆಬರೆಯ ವಿಷಯ ಮಾತ್ರ ಅಲ್ಲ. ಹೊತ್ತಿಗೆ ಸರಿಯಾಗಿ ಹೋಗುವುದು, ಊಟಕ್ಕೆ ಕರೆದವರ ಮನೆಗೆ ಬೇಕರಿಯಿಂದ ಒಂದು ಸಿಹಿ ಪೊಟ್ಟಣ ಒಯ್ಯುವುದು, ದೊಡ್ಡವರ ಹತ್ತಿರ ಮರ್ಯಾದೆಯಿಂದ ಮಾತಾಡುವುದು ಎಲ್ಲ ಸೇರಿ ಬೆಲ್ಲ ಫಿಗೂರ. ಬರಿಗೈಲಿ ಹೋಗಬಾರದು ಎಂದು ನಮ್ಮ ಮನೆಗಳಲ್ಲಿ ಹೇಳುವುದೂ ಇದೇ ಕಾಳಜಿಯಿಂದ ಅಲ್ವಾ? ಎಡವಟ್ಟು ಮಾಡಿ ಮುಖ ಕೆಡಿಸಿಕೊಂಡರೆ ‘ಬ್ರುತ್ತ ಫಿಗೂರ’.

ಇಟಲಿಯನ್ನೇ ‘ಬೆಲ್ ಪಯೇಸೆ’ ಅನ್ನುವುದನ್ನು ನೀವು ಕೇಳಿರಬಹುದು. ಚೆಂದದ ನಾಡು ಅಂತ. ಆ ಮಾತು ಕವಿ ದಾಂತೆಯದು (1265–1321). ‘ಹೌದು’ ಅನ್ನಲು ‘ಸೀ’ ಎಂಬ ದನಿ ಕೇಳುವ ಚೆಂದದ ನಾಡು ಎಂದು ಆತ ಬರೆದ. ಹಾಗೆ ಬರೆದದ್ದು ನಾಡನ್ನು ಹೊಗಳಲು ಕೂತು ಅಲ್ಲ, ಈ ನಾಡಿನ ಜನಕ್ಕೆಲ್ಲ ನೀನು ಅವಮಾನ ಎಂದು ಪೀಸಾ ಪಟ್ಟಣವನ್ನು ಬೈಯುತ್ತಾ.

ಕೊನೆಗೆ ‘ಚಾವ್ ಬೆಲ್ಲ’. ಇದು ಯಾರ ಬಾಯಲ್ಲಿ ಬಂತು ಎಂಬುದರ ಮೇಲೆ ನಿಂತಿದೆ. ತರಕಾರಿ ಮಾರುವ ಹಿರಿಯ ಹೆಂಗಸು ‘ಚಾವ್ ಬೆಲ್ಲ’, ‘ಬೆಲ್ಲ ಮೀಯ’ ಅಂದರೆ ನಮ್ಮ ಕಡೆ ‘ಬಾರವ್ವಾ’, ‘ಬಾ ಮಗಳೆ’ ಅಂದ ಹಾಗೆ. ನಗುತ್ತಾ ‘ಬ್ವೊಂಜೋರ್ನೊ, ಸಿನ್ಯೋರ’ ಅನ್ನಿ. ಗೆಳತಿಯರು ತಮ್ಮತಮ್ಮಲ್ಲಿ ಹಾಗೆ ಕರೆದುಕೊಳ್ಳುವುದೂ ಸಲುಗೆಯೇ. ರಸ್ತೆಯಲ್ಲಿ ಗುರುತಿಲ್ಲದ ಗಂಡಸು ಹಿಂದಿನಿಂದ ‘ಬೆಲ್ಲ’ ಎಂದು ಕೂಗಿದರೆ ಅದು ಚುಡಾಯಿಸುವುದು. ಇಟಲಿಯಲ್ಲೂ ಅದು ಸಭ್ಯತೆ ಅಲ್ಲ. ಅಲ್ಲಿನ ಪದ್ಧತಿಯೇ ಹಾಗಿರಬಹುದು ಎಂದು ಸಹಿಸಿಕೊಳ್ಳಬೇಕಾಗಿಲ್ಲ, ಉತ್ತರ ಕೊಡದೆ ನಡೆಯಿರಿ. ನೀವಾಗಿ ಪ್ರೊಫೆಸರಿಗೆ, ಕಚೇರಿಯವರಿಗೆ, ಮನೆ ಮಾಲೀಕರಿಗೆ ಬೆಲ್ಲ, ಬೆಲ್ಲೊ ಎಂದು ಕರೆಯಬೇಡಿ. ಕ್ಯಾಂಪಸ್ಸಿನಲ್ಲಿ ಹುಡುಗರು ಹುಡುಗರೇ ಎದುರಾದಾಗ ‘ಬೆಲ್ಲ!’ ಅನ್ನುವುದು ಕೇಳಿಸಿದರೆ ಗಾಬರಿಯಾಗಬೇಡಿ. ಅದು ಎಳೆಯರ ನಮಸ್ಕಾರ, ನಮ್ಮ ‘ಏನ್ ಗುರು’ ಇದ್ದ ಹಾಗೆ. ಗಂಡಸಿಗೆ ಹೇಳಿದರೂ ಅಲ್ಲಿ ಬೆಲ್ಲ ಬೆಲ್ಲವಾಗಿಯೇ ಇರುತ್ತದೆ. ನಿಮ್ಮ ಕಡೆ ನೋಡಿ ಅಂದರೆ ‘ಚಾವ್’ ಅನ್ನಿ, ಸಾಕು.